ಹೊಳೆಯುವ ಕರಿಹಲಗೆ

ನನ್ನ ಹೆಂಡತಿಯ ತಮ್ಮನನ್ನು ಊಟಕ್ಕೆ ಕರೆಯುವವರಿಗೆ ಒಂದು ಕಿವಿಮಾತು: ಎಲೆಯ ಮುಂದೆ ಕೂರಿಸಿ, ಆದರೆ ಸಾರು ಬಡಿಸಬೇಡಿ! ನಾದಿನಿಯ ಮದುವೆಯಲ್ಲಿ ಈ ಮಹಾಶಯ ಸಾರಿನಲ್ಲಿ ಬೆರಳದ್ದಿ ಪಲ್ಯದಿಂದ ಉಪ್ಪಿನಕಾಯಿಗೆ, ಉಪ್ಪಿನಕಾಯಿಯಿಂದ ಕೋಸಂಬರಿಗೆ ಗೆರೆ ಎಳೆಯುತ್ತಾ ಕೂತಿದ್ದ. ಪಾಯಸ ತಂದವನಿಗೆ, "ಉಪ್ಪಿನಕಾಯಿ ತೆಗೆದ್ರೆ ಎಲೆ ಎರಡು ಭಾಗ ಆಗೋಗುತ್ತೆ, ಗೊತ್ತಾ?" ಅಂದ. ಆ ಬಡಪಾಯಿ ಎಲೆ ಹರಿದಿದೆಯೆಂದು ಇನ್ನೊಂದು ಎಲೆ ತರಲು ಓಡಿದ!

ಅವನ ಕೆಲಸ ಜಾಲಗಳ ಗಣಿತ. ರಸ್ತೆ, ಕರೆಂಟು, ಫೋನು, ನೆಂಟಸ್ತನ, ಎಲ್ಲವೂ ಅವನಿಗೆ ಚುಕ್ಕಿ ಮತ್ತು ಗೆರೆ. ಯಾವ ಚುಕ್ಕಿ ಅಳಿಸಿದರೆ ಇಡೀ ಜಾಲ ಹರಿಯುತ್ತದೆ ಎಂದು ಹುಡುಕುತ್ತಾ ಕೂರಲು ಅವನಿಗೆ ಸಂಬಳ ಬೇರೆ! ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ಪೀಣ್ಯ ಸೇರಿದವನು. ತಗಡಿಗೆ ಬಣ್ಣದ ಪುಡಿ ಹೊಡೆದು ಒಲೆಯಲ್ಲಿ ಬೇಯಿಸುವ ಶೆಡ್ಡು ನನ್ನದು, ಸ್ವಂತದ್ದು. ನಾನು ಬಣ್ಣ ಹಾಕಿದ ತಗಡಿನಲ್ಲಿ ಮುಖ ನೋಡಿಕೊಂಡು ಗಡ್ಡ ಕೆರೆಯಬಹುದು. ಜಂಬ ಅಂತೀರಾ? ಅನ್ನಿ.

ಭಾಮೈದನ ಕಣ್ಣಿಗೆ ಮಾತ್ರ ಇಂಥದ್ದೊಂದೂ ಬೀಳುವುದಿಲ್ಲ. ಅಕ್ಕ ಉಪ್ಪು ಹಾಕಲು ಮರೆತ ಸಾರನ್ನು "ಸಕ್ಕತ್ತಾಗಿದೆ" ಎಂದು ಉಣ್ಣುತ್ತಾನೆ. ನಮ್ಮ ಮನೆಗೆ ಹೊಸ ಬಣ್ಣ ಹೊಡೆಸಿದ್ದು ಅವನ ಗಮನಕ್ಕೆ ಬಂದಿಲ್ಲ, ಅದೇ ಹಸಿ ಗೋಡೆಗೆ ಒರಗಿ ಬೆನ್ನೆಲ್ಲ ಹಸಿರು ಮಾಡಿಕೊಂಡು ಹೋದರೂ!

ಇಂಥವನು ಒಂದು ಸಂಜೆ ಫೋನ್ ಮಾಡಿದ.

"ಭಾವ, ಬೋರ್ಡ್ ಇಲ್ಲ."

"ಯಾವ ಬೋರ್ಡೋ?"

"ಕರೀದು. ಇಲ್ಲೆಲ್ಲಾ ಗಾಜು ಭಾವ. ಗಾಜು, ಟಿವಿ, ಮತ್ತೆ ಗಾಜು."

ಮಾರನೆಯ ದಿನ ಎಲೆಕ್ಟ್ರಾನಿಕ್ ಸಿಟಿಯ ಒಂದು ಆಫೀಸಿನಲ್ಲಿ ಕೋಣೆ ಕೇಳಿ ಪಡೆದು, ಜಾಲದ ಗಣಿತದವರು ಹತ್ತಾರು ಮಂದಿ ಸೇರುವವರಿದ್ದರು. ಇವನು ವರ್ಷಗಟ್ಟಲೆ ಗುದ್ದಾಡಿ ಬಿಡಿಸಿದ ಲೆಕ್ಕವನ್ನು ಅಲ್ಲಿ ಒಪ್ಪಿಸಬೇಕು. ಹಿರಿಯರು ಒಪ್ಪಿದರೆ ಕೆಲಸ ಖಾಯಂ, ಇಲ್ಲವಾದರೆ ತಿಂಗಳ ಕೊನೆಗೆ ಮನೆ. ಹಿಂದಿನ ಸಲ ಇಂಥದೇ ಸಭೆಯಲ್ಲಿ ಟಿವಿ ಪರದೆಯ ಮುಂದೆ ನಿಂತು ಒಂದು ಮಾತೂ ಹೊರಡದೆ ಬೆವರಿ ಬಂದಿದ್ದ. ಕೈಯಲ್ಲಿ ಸೀಮೆಸುಣ್ಣವಿದ್ದು ಅದು ಹಲಗೆಯ ಮೇಲೆ ಓಡುತ್ತಿದ್ದರೆ ಮಾತ್ರ ಅವನ ನಾಲಗೆಯೂ ಓಡುತ್ತದೆ. ಎರಡಕ್ಕೂ ಒಂದೇ ವೈರು!

"ರೀ, ಈ ಸಲಾನೂ ಮೂಗನ ಥರ ನಿಂತ್ಬಿಟ್ರೆ?" ಹೆಂಡತಿ ಸೌಟು ಹಿಡಿದೇ ಓಡಿ ಬಂದಳು.

"ಬೋರ್ಡ್ ತಾನೆ? ನಾನ್ ಯಾಕಿದ್ದೀನಿ ಕಣೇ?"

ಇದ್ದುದರಲ್ಲಿ ಒಳ್ಳೆಯ ತಗಡು ಆರಿಸಿ, ಕಪ್ಪು ಹೊಡೆದು, ಬೇಯಿಸಿ ತೆಗೆದೆ. ಅಂಥ ಕಪ್ಪು ನಾನು ಜನ್ಮದಲ್ಲಿ ಹೊಡೆದಿರಲಿಲ್ಲ! ಬೆಳಿಗ್ಗೆ ಕಂಬಳಿ ಸುತ್ತಿ ಟೆಂಪೋಗೆ ಏರಿಸಿದೆ. ಪೀಣ್ಯ ದಾಟುವಷ್ಟರಲ್ಲೇ ಟ್ರಾಫಿಕ್ಕು. ಹೊಸೂರು ರಸ್ತೆಯ ಮೇಲ್ಸೇತುವೆಯಲ್ಲಿ ಲಾರಿಯೊಂದು ಕೆಟ್ಟು ನಿಂತಿತ್ತು. ಆ ಕಡೆಯಿಂದ ಭಾಮೈದನ ಫೋನು: "ಭಾವ, ಎಲ್ಲಾ ಬಂದ್ಬಿಟ್ರು." ಹಾರ್ನ್ ಒತ್ತಿ ಒತ್ತಿ ನನ್ನ ಹೆಬ್ಬೆರಳು ನೋಯಿತು.

ಗೇಟಿನಲ್ಲಿ ಕಲಬುರಗಿ ಕಡೆಯ ಕಾವಲುಗಾರ ಕಂಬಳಿ ಸರಿಸಿದ.

"ಕನ್ನಡಿ ಒಳಗ ಒಯ್ಯಾಕ ಪಾಸ್ ಬೇಕ್ರೀ ಅಣ್ಣಾರ."

"ಕನ್ನಡಿ ಅಲ್ಲ ಗುರು, ಬೋರ್ಡು!"

"ಮತ್ತ ನನ್ನ ಮೀಸಿ ಕಾಣಾಕತ್ತೈತಲ್ರೀ!" ಎಂದು ಅದರಲ್ಲೇ ನೋಡಿಕೊಂಡು ಮೀಸೆ ತೀಡಿ, ಒಳಗೆ ಬಿಟ್ಟ.

ನಾನು ಉಬ್ಬಿ ಹೋದೆ. ಆಗಲಾದರೂ ಬುದ್ಧಿ ಬರಬೇಡವೇ?

ಕೋಣೆಯಲ್ಲಿ ಎರಡು ಕುರ್ಚಿಗಳ ಮೇಲೆ ಹಲಗೆಯನ್ನು ಗೋಡೆಗೆ ಒರಗಿಸಿದೆವು. ಭಾಮೈದ ಸೀಮೆಸುಣ್ಣ ತೆಗೆದು ಒಂದು ಚುಕ್ಕಿ ಇಟ್ಟ. ಬೀಳಲಿಲ್ಲ. ಗೆರೆ ಎಳೆದ. ಜಾರಿತು. ಒತ್ತಿದ. ಮುರಿಯಿತು. ಹಲಗೆಯ ಮೇಲೆ ಕಂಡದ್ದು ಒಂದೇ, ಬಿಳಿಚಿಕೊಂಡ ಅವನ ಮುಖ! ಕನ್ನಡಿಯಂಥ ತಗಡಿನ ಮೇಲೆ ಸೀಮೆಸುಣ್ಣ ಹಿಡಿಯುವುದಿಲ್ಲ ಎಂದು ನನಗೆ ಹೊಳೆಯಲೇ ಇಲ್ಲ. ಒರಟಾಗಿ ಬಿಡುವುದು ನನ್ನ ಕೈಗೆ ಅಭ್ಯಾಸವಿದ್ದರೆ ತಾನೆ?

ಸಭೆಗೆ ಹಿರಿಯರಾದ ಬೆಳ್ಳಿಗೂದಲ ಮೇಡಂ ಗಡಿಯಾರ ನೋಡಿದರು. ಯಾರೋ, "ಪರದೆನೇ ಹಾಕ್ಬಿಡೋಣ್ವಾ?" ಅಂದರು. ಭಾಮೈದ ಮುರಿದ ಸೀಮೆಸುಣ್ಣವನ್ನು ಜೇಬಿಗೆ ಇಳಿಸಿದ. ಅದರ ಅರ್ಥ ನನಗೆ ಗೊತ್ತು. ಇನ್ನು ಅವನಿಂದ ಮಾತು ಹೊರಡುವುದಿಲ್ಲ.

"ಐದೇ ನಿಮಿಷ ಮೇಡಂ!" ಎಂದು ಟೆಂಪೋಗೆ ಓಡಿ ಎಮರಿ ಕಾಗದ ತಂದೆ. ತುಕ್ಕು ಕೆರೆಯಲು ಇಟ್ಟುಕೊಂಡದ್ದು. ಮಂಡಿಯೂರಿ, ಹಲ್ಲು ಕಚ್ಚಿ, ನಾನೇ ಹಾಕಿದ ಹೊಳಪನ್ನು ನಾನೇ ಉಜ್ಜತೊಡಗಿದೆ. ಗರಗರ ಸದ್ದು, ನೆಲಹಾಸಿನ ಮೇಲೆ ಕರೀ ಪುಡಿ. ಮೇಡಂ ಸೆರಗು ಸಿಕ್ಕಿಸಿ, "ನಂಗೂ ಒಂದ್ ಚೂರು ಕೊಡಪ್ಪಾ" ಎಂದು ತಾವೂ ಉಜ್ಜಿದರು! ಕೆಳಗಿನ ಬಲಮೂಲೆ ಉಳಿದಿತ್ತು. ಭಾಮೈದ ನನ್ನ ಕೈ ಹಿಡಿದ.

"ಸಾಕು ಭಾವ. ಇಷ್ಟ್ರಲ್ಲೇ ಹಿಡಿಸ್ತೀನಿ."

ಅವಸರ ಅಂದುಕೊಂಡೆ.

ಚುಕ್ಕಿ ಇಟ್ಟ. ಬಿತ್ತು! ಗೆರೆ ಎಳೆದ, ನಿಂತಿತು. ಅದರ ಹಿಂದೆಯೇ ಮಾತೂ ಬಂತು ನೋಡಿ, ನಲ್ಲಿ ಬಿಟ್ಟಂತೆ! ನನಗೆ ಒಂದಕ್ಷರ ತಿಳಿಯಲಿಲ್ಲ. ಹಿಂದೆ ಕೂತು ತಲೆಗಳನ್ನೇ ನೋಡುತ್ತಿದ್ದೆ, ಯಾವುದು ಅಡ್ಡ ಆಡುತ್ತದೋ ಎಂದು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಜಾಗ ಮುಗಿಯಿತು. ಅಂಚಿನಲ್ಲಿ ಇರುವೆಯಂಥ ಅಕ್ಷರಗಳಲ್ಲಿ ತುರುಕಿದ.

"ಕಾಣ್ತಾ ಇಲ್ಲಪ್ಪಾ," ಮೇಡಂ ಮುಖ ಗಂಟಿಕ್ಕಿದರು. "ಆ ಸಾಲೇ ಮುಖ್ಯ. ಮೂಲೆನೂ ಉಜ್ಜಿ ದೊಡ್ಡದಾಗಿ ಬರಿ."

ಎಲ್ಲಾ ಗೆದ್ದು ಇಲ್ಲಿ ಸೋಲುವುದೇ? ಎಮರಿ ಹಿಡಿದು ಎದ್ದೆ. ಭಾಮೈದ ಮೂಲೆಗೆ ಅಂಗೈ ಅಡ್ಡ ಇಟ್ಟ.

"ಬೇಡ ಮೇಡಂ. ಇದು ನಮ್ ಭಾವ ಕೊಟ್ಟಿರೋ ಹೊಳಪು. ಇಷ್ಟಾದ್ರೂ ಇರ್ಲಿ."

ಮೇಲಿನ ಚಿತ್ರವನ್ನು ಅಂಗಿಯ ತೋಳಿನಿಂದಲೇ ಒರೆಸಿ, ಅಲ್ಲಿ ಕೊನೆಯ ಸಾಲನ್ನು ದೊಡ್ಡದಾಗಿ ಬರೆದ. ಮೇಡಂ ಎದ್ದು ಹತ್ತಿರ ಹೋಗಿ, ಬೆರಳಿಟ್ಟು ಓದಿದರು. ಮತ್ತೆ ಓದಿದರು.

"ಸರಿ ಇದೆ ಕಣಪ್ಪಾ. ಪೂರ್ತಿ ಸರಿ ಇದೆ."

ಕೋಣೆಯೆಲ್ಲ ಮೇಜು ತಟ್ಟಿತು. ಉಪ್ಪಿಲ್ಲದ ಸಾರು ಗೊತ್ತಾಗದವನಿಗೆ, ಗೋಡೆಯ ಬಣ್ಣ ಕಾಣದವನಿಗೆ ಆ ಒಂದು ಮೂಲೆ ಹೇಗೆ ಕಂಡಿತು? ಬಗ್ಗಿ ಅದರಲ್ಲಿ ನನ್ನ ಮುಖ ನೋಡಿಕೊಂಡೆ. ಏನೂ ಸರಿಯಾಗಿ ಕಾಣಲಿಲ್ಲ. ಅದು ಹೊಳಪಿನ ತಪ್ಪಲ್ಲ.