ಫುಟ್‌ಬಾಲಿಗೆ ಗ್ರೇಸ್ ಮಾರ್ಕ್ಸು

ಡಾಕ್ಟರ್ ಚಂದ್ರಮೌಳಿ ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ಕೊಡುವುದರಲ್ಲಿ ಹನ್ನೆರಡು ವರ್ಷ ಪಳಗಿದವರು. ಆದರೆ ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಅವರ ಬಾಯಿಗೇ ಅರಿವಳಿಕೆ ಕೊಡುವವರು ಯಾರೂ ಇರಲಿಲ್ಲ.

ಅಡಿಲೇಡಿನ ದಕ್ಷಿಣದ ಎಂಟು ಹೈಸ್ಕೂಲುಗಳ ಫುಟ್‌ಬಾಲಿನಲ್ಲಿ ಕೊನೆಯ ಸುತ್ತಿಗೆ ನಾಲ್ಕು ತಂಡ. ಯಾವ ನಾಲ್ಕು, ಯಾರು ಯಾರ ಎದುರು ಎಂಬುದನ್ನು ಹೆಡ್‌ಮಾಸ್ಟರುಗಳು ಬಾರ್ಬೆಕ್ಯೂ ಒಲೆಯ ಸುತ್ತ ನಿಂತು ಕೈಯೆತ್ತಿ ತೀರ್ಮಾನಿಸುತ್ತಿದ್ದರು. ವರ್ಷವೂ ಜಗಳ. ಚಂದ್ರಮೌಳಿ ಎದ್ದು ನಿಂತು, "ನಮ್ಮ ಮೈಸೂರಲ್ಲಿ ಎಸ್ಸೆಸ್ಸೆಲ್ಸಿಗೆ ಸಾವಿರಗಟ್ಟಲೆ ಮಕ್ಕಳು ಕೂರ್ತಾರೆ. ಯಾರಿಗೂ ಕೈಯೆತ್ತಿ ರ‍್ಯಾಂಕ್ ಕೊಡೋದಿಲ್ಲ" ಎಂದುಬಿಟ್ಟರು. ಕೂರುವಷ್ಟರಲ್ಲಿ ಅವರೇ ಸುಧಾರಣಾ ಸಮಿತಿಯ ಕನ್ವೀನರ್ ಆಗಿದ್ದರು.

ಆಸ್ಟ್ರೇಲಿಯಾದ ಆ ಆಟದ ಬಗ್ಗೆ ಅವರಿಗೆ ಗೊತ್ತಿದ್ದುದು ಒಂದೇ: ಚೆಂಡು ದುಂಡಗಿಲ್ಲ. ಸಿಪ್ಪೆ ಸುಲಿಯದ ತೆಂಗಿನಕಾಯಿಯಂತಿದ್ದು, ಮುನಿಸಿಕೊಂಡ ಬೀಗರಂತೆ ಎತ್ತಲೋ ಪುಟಿಯುತ್ತದೆ. ಆದರೂ ಎರಡು ತಿಂಗಳು ಶನಿವಾರದ ಡ್ಯೂಟಿಗಳನ್ನು ಸಹೋದ್ಯೋಗಿಗಳಿಗೆ ಒಪ್ಪಿಸಿ ಮೈದಾನ ಸುತ್ತಿದರು. ಬಲಿಷ್ಠರನ್ನು ಸೋಲಿಸಿದರೆ ಹೆಚ್ಚು ಮಾರ್ಕ್ಸು, ದುರ್ಬಲರನ್ನು ಸೋಲಿಸಿದರೆ ಕಡಿಮೆ. ಮೊದಲನೆಯವರಿಗೆ ನಾಲ್ಕನೆಯವರು, ಎರಡನೆಯವರಿಗೆ ಮೂರನೆಯವರು ಎದುರಾಳಿ. ಈ ನಿಯಮದ ಪ್ರತಿ ಎಲ್ಲ ಪೋಷಕರಿಗೂ ಹೋಯಿತು.

ಆಗಸ್ಟ್ ತಿಂಗಳ ಆ ಶನಿವಾರ ನಾಲ್ಕು ಗಂಟೆಗೆ ಪಟ್ಟಿ ಓದಬೇಕಿತ್ತು. ಬೆಳಿಗ್ಗೆ ಜಪಕ್ಕೆ ಕುಳಿತ ಚಂದ್ರಮೌಳಿಗೆ ಇಪ್ಪತ್ತೇಳನೆಯ ಮಣಿಗೇ ಲೆಕ್ಕ ತಪ್ಪಿತು. ಕಣ್ಣು ಮುಚ್ಚಿದರೆ ದೇವರ ಬದಲು ಪಟ್ಟಿಯೇ ಕಾಣುತ್ತಿತ್ತು. ನಾಲ್ಕನೆಯದು ಹಿಲ್‌ವ್ಯೂ, ಅರವತ್ತೊಂದೂವರೆ. ಐದನೆಯದು ಸೀಗ್ರೋವ್, ಅರವತ್ತೊಂದು. ಸೀಗ್ರೋವ್ ಕ್ಯಾಪ್ಟನ್ ಆಸ್ಪತ್ರೆಯಲ್ಲಿ ಚಂದ್ರಮೌಳಿಯ ಮೇಲಧಿಕಾರಿಯಾದ ಡಾಕ್ಟರ್ ಹಾರ್ಡಿಂಗರ ಮಗ. ಹಾರ್ಡಿಂಗ್ ಸೋಮವಾರ ಚಂದ್ರಮೌಳಿಯೂ ಸೇರಿ ಇಲಾಖೆಯ ಐವರು ತಾತ್ಕಾಲಿಕ ವೈದ್ಯರಲ್ಲಿ ನಾಲ್ವರನ್ನು ಕಾಯಂ ಮಾಡುವವರಿದ್ದರು. ಆಗದಿದ್ದರೆ ಬ್ರಿಸ್ಬೇನ್, ಪರ್ತ್ ಸುತ್ತಿ ಬಂದ ಸಂಸಾರ ಮತ್ತೆ ಗಂಟುಮೂಟೆ ಕಟ್ಟಬೇಕು.

ಅಷ್ಟರಲ್ಲಿ ಫೋನು. ಹಾರ್ಡಿಂಗರೇ! "ಸಂಜೆ ನಾನೂ ಬರ್ತೀನಿ ಚಂದ್ರಾ. ನಿಮ್ಮ ಹತ್ರ ಒಂದು ಮಾತಾಡೋದಿದೆ." 

ಹಿತ್ತಲಿಗೆ ಬಂದರೆ ಬೇಲಿಯ ಮೇಲೆ ಪಕ್ಕದ ಮನೆಯ ಬ್ರಯನ್‌ನ ತಲೆ. ಅವನ ಮಗ ಹಿಲ್‌ವ್ಯೂ ಆಟಗಾರ. "ನಾವು ನಾಲ್ಕರೊಳಗೇ ತಾನೇ ಡಾಕ್? ನಿಮ್ಮ ಹುಲ್ಲು ನಾನೇ ಕತ್ತರಿಸ್ಲಾ?" ಉತ್ತರಕ್ಕೂ ಕಾಯದೆ ಅವನು ಯಂತ್ರ ತಳ್ಳಿಕೊಂಡು ಬಂದೇಬಿಟ್ಟ. ಹುಲ್ಲಿನ ಜೊತೆ ಹೆಂಡತಿ ರುಕ್ಮಿಣಿಯ ಮೆಂತ್ಯದ ಮಡಿಯೂ ಹೋಯಿತು.

"ರೀ, ನಿಮ್ಮ ಫುಟ್‌ಬಾಲಿಗೆ ನನ್ನ ಸೊಪ್ಪು ಬಲಿಯಾಯ್ತಲ್ರೀ!"

ಆ ಗಲಾಟೆಯ ನಡುವೆ ಕಾಫಿಗೆಂದು ಬಂದವರು ಹಿರಿಯ ಮಿತ್ರ ಡಾಕ್ಟರ್ ನಂಜುಂಡಸ್ವಾಮಿ. ಕತೆ ಕೇಳಿ ತೊಡೆ ತಟ್ಟಿದರು. "ಇಷ್ಟಕ್ಕೇನಯ್ಯಾ? ಗ್ರೇಸ್ ಮಾರ್ಕ್ಸ್ ಕೊಡು! ನಾನು ಫಿಸಿಕ್ಸ್ ಪಾಸಾಗಿದ್ದು ಮತ್ಹೇಗೆ ಅಂದ್ಕೊಂಡೆ?"

ಚಂದ್ರಮೌಳಿಗೆ ಗುರು ಸಿಕ್ಕಂತಾಯಿತು. 'ನಾಲ್ಕನೆಯ ಸ್ಥಾನ ಒಂದು ಮಾರ್ಕಿನೊಳಗೆ ತಪ್ಪಿದರೆ ಒಂದು ಮಾರ್ಕು ಗ್ರೇಸ್' ಎಂದು ಹೊಸ ನಿಯಮ ಬರೆದರು. ಸೀಗ್ರೋವ್ ಅರವತ್ತೆರಡಾಯಿತು. ಆದರೆ ಈಗ ಹಿಲ್‌ವ್ಯೂಗೆ ಅರ್ಧ ಮಾರ್ಕು ಕಡಿಮೆ! ನಿಯಮ ಎಲ್ಲರಿಗೂ ಒಂದೇ ಅಲ್ಲವೇ? ಹಿಲ್‌ವ್ಯೂಗೂ ಒಂದು ಕೊಟ್ಟರು. ಈಗ ಸೀಗ್ರೋವ್ ಹಿಂದೆ. ಇನ್ನೊಂದು ಕೊಟ್ಟರು. ಹನ್ನೊಂದು ಗಂಟೆಗೆ ಎರಡೂ ತಂಡ ಮೂರನೆಯವರನ್ನು ದಾಟಿದವು. ಪಾಪ, ಅವರಿಗೂ ಗ್ರೇಸ್ ಬೇಕಾಯಿತು. ಮಧ್ಯಾಹ್ನದ ಅನ್ನ ಆರುವ ಹೊತ್ತಿಗೆ, ಒಂದೂ ಆಟ ಸೋಲದೆ ಎಂಬತ್ತು ಪಡೆದಿದ್ದ ತಂಡವೇ ಐದನೆಯ ಸ್ಥಾನಕ್ಕೆ ಬಿದ್ದು ದಯಾಭಿಕ್ಷೆಗೆ ಕೈಚಾಚಿತ್ತು.

ಮಗಳು ಕಮಲಾ ಹಾಳೆ ಇಣುಕಿ ನೋಡಿದಳು. "ಅಪ್ಪಾ, ದಟ್ಸ್ ಚೀಟಿಂಗ್."

"ಸುಮ್ನಿರೇ, ನಿಂಗೇನು ಗೊತ್ತು?" ಎಂದರು ಚಂದ್ರಮೌಳಿ. ಆದರೆ ಮಾತು ನಾಟಿತ್ತು. ಕೂತಲ್ಲಿ ಕೂರಲಾರದೆ ಅಡುಗೆಮನೆಗೂ ದೇವರ ಗೂಡಿಗೂ ಹನ್ನೆರಡು ಸಲ ನಡೆದರು. ಚಿಕ್ಕಂದಿನಲ್ಲಿ ಅಜ್ಜ ರಾಗವಾಗಿ ಓದುತ್ತಿದ್ದ ಪದ್ಯಗಳಲ್ಲಿ ಸತ್ಯ ನುಡಿದವರೆಲ್ಲ ಕಾಡು ಸೇರಿದ್ದು ನೆನಪಾಯಿತು. ಕೊನೆಯಲ್ಲಿ ಅವರಿಗೆ ರಾಜ್ಯ ಮರಳಿ ಸಿಕ್ಕಿದ್ದೂ ನೆನಪಾಯಿತು. ಗ್ರೇಸ್ ಮಾರ್ಕಿನ ಹಾಳೆಯನ್ನು ನಾಲ್ಕು ಚೂರು ಮಾಡಿ ರುಕ್ಮಿಣಿಯ ಕೈಗಿತ್ತರು.

ಶಾಲೆಯ ಹಾಲ್ ಕಿಕ್ಕಿರಿದಿತ್ತು; ಮುಂದಿನ ಸಾಲಿನಲ್ಲೇ ರುಕ್ಮಿಣಿ, ಕಮಲಾ. ಚಂದ್ರಮೌಳಿ ಗಂಟಲು ಸರಿಮಾಡಿಕೊಂಡು ಹಳೆಯ ಪಟ್ಟಿಯನ್ನೇ ಓದಿದರು. "ನಾಲ್ಕನೆಯದು ಹಿಲ್‌ವ್ಯೂ. ಸೀಗ್ರೋವ್‌ಗೆ ಅರ್ಧ ಮಾರ್ಕು ಕಡಿಮೆ. ಗ್ರೇಸ್ ಇಲ್ಲ, ಶಿಫಾರಸು ಇಲ್ಲ." ಬ್ರಯನ್ ಸಿಳ್ಳೆ ಹಾಕಿದ. ಹಾರ್ಡಿಂಗ್ ಜನರನ್ನು ಸರಿಸಿಕೊಂಡು ನೇರ ವೇದಿಕೆಗೆ ಬಂದರು. ಚಂದ್ರಮೌಳಿ ಮನಸ್ಸಿನಲ್ಲೇ ಪೆಟ್ಟಿಗೆ ಕಟ್ಟತೊಡಗಿದರು.

ಹಾರ್ಡಿಂಗ್ ಅವರನ್ನು ಬಾಚಿ ತಬ್ಬಿಕೊಂಡರು! "ಶಭಾಷ್ ಚಂದ್ರಾ! ನನ್ನ ಮಗನ ತಂಡ ಅಂತ ನೋಡ್ಲಿಲ್ಲ. ಅದೇ ನ್ಯಾಯ!"

ಚಂದ್ರಮೌಳಿಯ ಕಣ್ಣು ತುಂಬಿತು. ರಾಜ್ಯ ಮರಳಿ ಸಿಕ್ಕಿಬಿಟ್ಟಿತು.

"ಬೆಳಿಗ್ಗೆ ಫೋನಲ್ಲಿ ಒಂದು ಮಾತಿದೆ ಅಂದಿದ್ನಲ್ಲ," ಹಾರ್ಡಿಂಗ್ ದನಿ ತಗ್ಗಿಸಿದರು. "ನಿಮ್ಮ ನಿಯಮ ನನಗೆಷ್ಟು ಹಿಡಿಸ್ತು ಅಂದ್ರೆ, ಕಾಯಂ ಹುದ್ದೆಗೂ ಅದನ್ನೇ ಹಾಕಿದೆ. ಕಷ್ಟದ ಕೇಸಿಗೆ ಹೆಚ್ಚು ಮಾರ್ಕ್ಸ್, ಸುಲಭದ್ದಕ್ಕೆ ಕಡಿಮೆ. ಎರಡು ತಿಂಗಳಿಂದ ಶನಿವಾರದ ಅಪಘಾತದ ಕೇಸುಗಳನ್ನೆಲ್ಲ ನೀವು ಬೇರೆಯವರಿಗೆ ಬಿಟ್ಟುಕೊಟ್ರಲ್ಲ... ನೀವು ಐದನೆಯವರು, ಚಂದ್ರಾ. ಅರ್ಧ ಮಾರ್ಕು ಕಡಿಮೆ."

"ಏನಾದ್ರೂ... ಗ್ರೇಸ್...?"

"ಹೇಗೆ ಕೊಡೋದು ಮೇಟ್? ಈಗ ತಾನೇ ಎಷ್ಟು ಚೆನ್ನಾಗಿ ಹೇಳಿದ್ರಿ!"

ಚಂದ್ರಮೌಳಿ ಬಾಯಿ ತೆರೆಯುವಷ್ಟರಲ್ಲಿ ಬ್ರಯನ್ ಮತ್ತು ಹಿಲ್‌ವ್ಯೂ ಪೋಷಕರು ಅವರನ್ನು ಹೆಗಲಿಗೇರಿಸಿ ಉತ್ಸವಮೂರ್ತಿಯಂತೆ ಹಾಲ್ ಸುತ್ತತೊಡಗಿದ್ದರು. ಮೇಲಿನಿಂದ ಅವರು ಕೂಗಿದರು:

"ರುಕ್ಮಿಣೀ, ಆ ಗ್ರೇಸ್ ಮಾರ್ಕ್ಸ್ ಚೂರು ಎಲ್ಲಿ ಹಾಕ್ದೆ?"

"ಒಲೆಗೆ ಹಾಕ್ದೆ ರೀ! ಆ ಪಾಪಾನ ಯಾಕೆ ಮನೇಲಿ ಇಟ್ಕೊಳ್ಳೋದು ಅಂತ!"