ಕೂಗುವ ಕಾರಿನೊಳಗೆ ಮೇಷ್ಟ್ರು

“ಇವತ್ತು ಆ ಕಾರಿನ ಬಾಯಿ ಮುಚ್ಚಿಸದಿದ್ರೆ ನನ್ನನ್ನ ಮೇಷ್ಟ್ರು ಅಂತ ಕರೀಲೇಬೇಡ!” ಎಂದು ಡ್ರೈವಿಂಗ್ ಮೇಷ್ಟ್ರು ಊಟದ ತಟ್ಟೆಯ ಮುಂದಿನಿಂದ ಎದ್ದು ತೋಳೇರಿಸಿದರು.

“ನಾನು ಯಾವತ್ತು ಕರೆದಿದ್ದೀನಿ?” ಎಂದರು ಅವರ ಹೆಂಡತಿ.

ಮಾತು ನಿಜವೇ. ಊರಿಗೆಲ್ಲ ಮೇಷ್ಟ್ರಾದವರು ಮನೆಯೊಳಗೆ ಬರೀ ‘ರೀ’. ಆದರೇನು! ಊರಿನ ಅರ್ಧ ಜನಕ್ಕೆ ಕ್ಲಚ್ಚು, ಗೇರು, ಬ್ರೇಕು ಹೇಳಿಕೊಟ್ಟ ಮಹಾನುಭಾವರು ಅವರು. ಸದ್ದು ಕೇಳಿಯೇ ಇಂಜಿನ್ನಿನ ಕಾಯಿಲೆ ಕಂಡುಹಿಡಿಯುವವರು ಎಂಬ ಬಿರುದನ್ನು ತಮಗೆ ತಾವೇ ದಯಪಾಲಿಸಿಕೊಂಡವರು. ಅಂಥವರ ಸ್ವಂತ ಕಾರು ಹೋದ ವಾರದಿಂದ ಮನೆಯ ಮುಂದೆ ನಿಂತಲ್ಲೇ, ಯಾರೂ ಮುಟ್ಟದೆ, ಹೇಳದೆ ಕೇಳದೆ ಬೊಬ್ಬೆ ಹೊಡೆಯುತ್ತಿತ್ತು. ಹತ್ತಿರದಲ್ಲಿ ಕಳ್ಳರೂ ಇಲ್ಲ, ಕಾಕರೂ ಇಲ್ಲ!

ಬೇರೆ ದಿನವಾಗಿದ್ದರೆ ಹೆಂಡತಿ ಕಿವಿಗೆ ಹತ್ತಿ ಇಟ್ಟುಕೊಂಡು ಸುಮ್ಮನಿರುತ್ತಿದ್ದರೋ ಏನೋ. ಇವತ್ತು ಹಾಗಿರಲಿಲ್ಲ. ಊರಿನ ಬಸ್ಸುಗಳಲ್ಲಿ “ಮುಂದಿನ ನಿಲ್ದಾಣ ಆಸ್ಪತ್ರೆ, ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ” ಎಂದು ಹೇಳುವುದಕ್ಕೆ ಒಂದು ದನಿ ಬೇಕಾಗಿತ್ತು. ನಾಲ್ಕು ಗಂಟೆಯೊಳಗೆ ದನಿಯ ಮಾದರಿಯನ್ನು ರೆಕಾರ್ಡ್ ಮಾಡಿ ಕಳಿಸಬೇಕು. ಜೀವಮಾನವೆಲ್ಲ ಟೆಲಿಫೋನ್ ಕಚೇರಿಯಲ್ಲಿ ಕೂತು ಬೇರೆಯವರ ಬೈಗುಳಕ್ಕೆ “ಕ್ಷಮಿಸಿ ಸಾರ್” ಎಂದು ಉತ್ತರ ಕೊಟ್ಟಿದ್ದ ಆಕೆಗೆ, ಒಂದೇ ಒಂದು ಸಲ ತನ್ನ ಮಾತನ್ನು ಊರೆಲ್ಲ ಬಾಯಿ ಮುಚ್ಚಿಕೊಂಡು ಕೇಳಬೇಕು ಎಂಬ ಆಸೆ. ಈ ಕೆಲಸ ಬೇಕೇ ಬೇಕಿತ್ತು. ಹೊರಗಿನ ಸದ್ದು ಬಾರದಿರಲೆಂದು ಮಹಡಿಯ ಬಟ್ಟೆ ಬೀರುವಿನೊಳಗೆ ಕಂಬಳಿ ಇಳಿಬಿಟ್ಟು, ಗಂಡನ ಹೊಸ ಮೊಬೈಲನ್ನು ಹ್ಯಾಂಗರಿಗೆ ಕಟ್ಟಿ, ಬೆಳಗಿನಿಂದ ಓದುತ್ತಲೇ ಇದ್ದರು. “ಮುಂದಿನ ನಿಲ್ದಾಣ...” ಎನ್ನುವುದೇ ತಡ, ಕೆಳಗಿನಿಂದ “ಪೆಂವ್ ಪೆಂವ್ ಪೆಂವ್!”

“ನಿನಗೆ ನಿಶ್ಶಬ್ದ ತಾನೇ ಬೇಕು? ತಗೋ, ಕೊಟ್ಟೆ!” ಎಂದು ಮೇಷ್ಟ್ರು ಸ್ಪ್ಯಾನರ್ ಹಿಡಿದು ರಣರಂಗಕ್ಕೆ ಇಳಿದರು.

ಮೊದಲ ಅನುಮಾನ ಕಾರಿನ ಕೆಳಗೆ ಮಲಗುವ ಬೆಕ್ಕಿನ ಮೇಲೆ. ಪೊರಕೆ ತೋರಿಸಿ ಅದನ್ನು ಗಡೀಪಾರು ಮಾಡಿದರು. ಬೆಕ್ಕು ಕಾಂಪೌಂಡಿನ ಮೇಲೆ ಕೂತು ಮೀಸೆ ತೊಳೆದುಕೊಳ್ಳುತ್ತಿರುವಾಗಲೇ ಕಾರು ಕೂಗಿತು. ಬೆಕ್ಕು ನಿರ್ದೋಷಿ ಎಂದಾಯಿತು.

“ಹಾಗಾದ್ರೆ ಈ ಕಾರಿಗೆ ಊಟಾನೇ ಹಾಕಲ್ಲ. ಎಷ್ಟು ಹೊತ್ತು ಕಿರುಚುತ್ತೋ ನೋಡೇಬಿಡ್ತೀನಿ!” ಎಂದು ಬಾನೆಟ್ ಎತ್ತಿ ಬ್ಯಾಟರಿಯ ತಂತಿಯನ್ನೇ ಕಿತ್ತರು. ಅಯ್ಯೋ! ಆ ಅಲಾರಮ್ಮು ತನ್ನದೇ ಒಂದು ಪುಟ್ಟ ಬ್ಯಾಟರಿಯ ಬುತ್ತಿ ಕಟ್ಟಿಕೊಂಡು ಬಂದಿದೆ ಎಂದು ಯಾರಿಗೆ ಗೊತ್ತಿತ್ತು? ತಂತಿ ಕಿತ್ತವನೇ ಕಳ್ಳ ಎಂದು ತೀರ್ಮಾನಿಸಿ, ಹಿಂದಿಗಿಂತ ಇಮ್ಮಡಿಯಾಗಿ ಅರಚತೊಡಗಿತು. ಮೇಷ್ಟ್ರು ಮೈಯೆಲ್ಲ ಗ್ರೀಸು ಮಾಡಿಕೊಂಡು ತಂತಿಯನ್ನು ಮತ್ತೆ ಸಿಕ್ಕಿಸುವಷ್ಟರಲ್ಲಿ ಎದುರುಮನೆಯ ನರ್ಸಮ್ಮ ಕೆದರಿದ ತಲೆಯಲ್ಲಿ ಬಾಗಿಲಿಗೆ ಬಂದಿದ್ದರು. ಪಾಪ, ಅವರಿಗೆ ರಾತ್ರಿ ಪಾಳಿ.

“ರಾತ್ರಿಯೆಲ್ಲ ರೋಗಿಗಳು ಕೂಗ್ತಾರೆ, ಹಗಲೆಲ್ಲ ನಿಮ್ಮ ಕಾರು ಕೂಗುತ್ತೆ! ನಾನು ನಿದ್ದೆ ಮಾಡೋದು ಯಾವಾಗ ಮೇಷ್ಟ್ರೇ, ರಿಟೈರ್ ಆದ್ಮೇಲಾ?”

“ಹೋಗಿ ಮಲಗಿ ತಾಯಿ. ಹತ್ತು ನಿಮಿಷದಲ್ಲಿ ಗುಟ್ಟು ಬಯಲಾಗುತ್ತೆ!”

ಗುಟ್ಟು ಬಯಲು ಮಾಡುವ ಉಪಾಯ ಮೇಷ್ಟ್ರಿಗೆ ಹೊಳೆದಿತ್ತು. ಹೊರಗೆ ನಿಂತು ನೋಡಿದರೆ ಏನೂ ತಿಳಿಯದು. ಒಳಗೇ ಕೂರಬೇಕು! ಗಾಜು ಏರಿಸಿ, ಬೀಗ ಹಾಕಿಸಿ, ಅದಕ್ಕೆ ಸಂಶಯವೇ ಬರದಂತೆ ಪತ್ತೇದಾರಿ ಮಾಡಬೇಕು! ಹೇಗೂ ಮೋಡದ ದಿನ, ಸೆಖೆಯ ಭಯವೂ ಇಲ್ಲ. ಇದ್ದ ಒಂದೇ ಒಂದು ರಿಮೋಟ್ ಕೀಯನ್ನು ಹೆಂಡತಿಯ ಕೈಗೆ ಕೊಟ್ಟರು.

“ನೀವು ಒಳಗೆ, ಕೀ ಹೊರಗೆ. ಯೋಚನೆ ಮಾಡಿದ್ದೀರಾ?”

“ಯೋಚನೆ ಮಾಡೋದು ನನ್ನ ಇಲಾಖೆ! ನೀನು ಗುಂಡಿ ಒತ್ತಿ ಓದೋಕೆ ಹೋಗು.”

ಆಕೆ ಒತ್ತಿದರು, ಹೋದರು. ಮೇಷ್ಟ್ರು ಡ್ರೈವರ್ ಸೀಟಿನಲ್ಲಿ ಅಲುಗಾಡದೆ ಕುಳಿತು ಕಣ್ಣಲ್ಲಿ ಕಣ್ಣಿಟ್ಟು ಕಾಯತೊಡಗಿದರು. ಅಷ್ಟರಲ್ಲಿ ಬೀದಿಯಲ್ಲಿ ಒಂದು ಲಾರಿ ಗುಡುಗಿಕೊಂಡು ಹೋಯಿತು. ಡ್ಯಾಶ್‌ಬೋರ್ಡಿನ ಮೇಲಿದ್ದ ಸ್ಪ್ರಿಂಗ್ ಕತ್ತಿನ ಗೊಂಬೆ, ಲೈಸೆನ್ಸ್ ಸಿಕ್ಕ ಖುಷಿಗೆ ಶಿಷ್ಯೆಯೊಬ್ಬಳು ಹೋದ ವಾರ ತಂದುಕೊಟ್ಟದ್ದು, ‘ಹೌದು ಹೌದು ಹೌದು’ ಎಂದು ಜೋರಾಗಿ ತಲೆಯಾಡಿಸಿತು. ಮರುಕ್ಷಣವೇ “ಪೆಂವ್ ಪೆಂವ್!”

“ಸಿಕ್ಕಿಬಿದ್ಯಾ ಕಳ್ಳಿ!” ಎಂದು ಮೇಷ್ಟ್ರು ಗೊಂಬೆಯ ಕುತ್ತಿಗೆ ಹಿಡಿದು ಖಾನೆಯೊಳಗೆ ತುರುಕಿದರು. ಒಳಗೆ ಏನು ಅಲುಗಿದರೂ ಕೂಗುವ ಯಂತ್ರ ಅದು. ಇದ್ದದ್ದು ಅಷ್ಟೇ ರೋಗ! ಮೇಷ್ಟ್ರ ಎದೆ ಉಬ್ಬಿತು.

ಮಹಡಿಯ ಕಿಟಕಿ ಧಡಾರನೆ ತೆರೆಯಿತು. ಹೆಂಡತಿ ಗುಂಡಿ ಒತ್ತಿ ಕೂಗು ನಿಲ್ಲಿಸಿ, ಮತ್ತೊಮ್ಮೆ ಒತ್ತಿ ಬೀಗ ಹಾಕಿ, ಬಸ್ಸಿಗಷ್ಟೇ ಅಲ್ಲ, ರೈಲಿಗೂ ಕೇಳಿಸುವ ದನಿಯಲ್ಲಿ ಹೇಳಿದರು: “ಕೊನೇ ಸಲ ಓದ್ತಿದ್ದೀನಿ ಕಣ್ರೀ! ಇನ್ನೊಂದು ಸಲ ಅದು ಕೂಗಿದ್ರೆ ಈ ಕೆಲಸದ ಆಸೇನೇ ಬಿಟ್ಬಿಡ್ತೀನಿ!” ಕಿಟಕಿ ಮುಚ್ಚಿತು. ಬೀರುವಿನ ಬಾಗಿಲೂ ಮುಚ್ಚಿರಬೇಕು.

ಮೇಷ್ಟ್ರು ವಿಜಯಿಯಾಗಿ ಇಳಿಯಲು ತಿರುಗಿ ಬಾಗಿಲ ಹಿಡಿಕೆ ಎಳೆದರು. ಹಿಡಿಕೆ ಸತ್ತಂತೆ ಸುಮ್ಮನಿತ್ತು. ರಿಮೋಟಿನಲ್ಲಿ ಬೀಗ ಹಾಕಿದರೆ ಈ ಕಾರಿನ ಬಾಗಿಲು ಒಳಗಿನಿಂದಲೂ ತೆರೆಯುವುದಿಲ್ಲ ಎಂದು ಇಷ್ಟು ವರ್ಷ ಶಿಷ್ಯರಿಗೆಲ್ಲ ಪಾಠ ಹೇಳಿದವರು ಅವರೇ! ಅದೇ ಹೊತ್ತಿಗೆ ಎದುರಿಗೆ ಪುಟ್ಟ ಕೆಂಪು ದೀಪ ಮಿಟುಕತೊಡಗಿತು. ಎಂದರೆ ಅಲಾರಂ ಮತ್ತೆ ಕಾವಲಿಗೆ ಕೂತಿತು. ಈಗ ಒಳಗೆ ಅಲುಗುವ ಗೊಂಬೆ ಯಾವುದು? ಮೇಷ್ಟ್ರೇ!

ಹೇಗಿದ್ದರೋ ಹಾಗೆಯೇ ಕಲ್ಲಾದರು. ಒಂದು ಕೈ ಹಿಡಿಕೆಯ ಮೇಲೆ, ಕತ್ತು ಓರೆ, ಒಂದು ಭುಜ ಕೆಳಗೆ, ಬಾಯಿ ಅರ್ಧ ತೆರೆದದ್ದು. ಕೂಗಿ ಕರೆಯುವ ಹಾಗಿಲ್ಲ, ಹಾರನ್ ಒತ್ತುವ ಹಾಗಿಲ್ಲ. ಮೊಬೈಲು ಹ್ಯಾಂಗರಿನಲ್ಲಿ ನೇತಾಡುತ್ತಿತ್ತು. ಮೂಗಿನ ತುದಿಯಲ್ಲಿ ತುರಿಕೆ ಹುಟ್ಟಿತು, ಬೆನ್ನಿಗೆ ಹಬ್ಬಿತು, ಸಂಸಾರ ಹೂಡಿತು. ಮೇಷ್ಟ್ರು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಮೇಲೆ ಅವಳು ಓದುತ್ತಿದ್ದಾಳೆ. ಓದಲಿ.

ಎಷ್ಟೋ ಹೊತ್ತಾದ ಮೇಲೆ, ಹಾಳಾದ ನಿದ್ದೆ ಮರಳಿ ಬಾರದೆ, ನಾಲ್ಕು ಮಾತು ಆಡಿಯೇಬಿಡೋಣ ಎಂದು ನರ್ಸಮ್ಮ ರಸ್ತೆ ದಾಟಿ ಬಂದರು. ಗಾಜಿನಲ್ಲಿ ಇಣುಕಿದರು. ಕೋಪ ಅಲ್ಲೇ ಇಳಿಯಿತು.

“ಮೇಷ್ಟ್ರೇ? ಏನಾಯ್ತು?”

ಕಣ್ಣುಗುಡ್ಡೆಗಳು ಮಾತ್ರ ಅತ್ತಿತ್ತ ಹೊರಳಿದವು.

“ಎರಡೂ ಕೈ ಮೇಲೆತ್ತಿ ನೋಡೋಣ!”

ಎತ್ತಲಿಲ್ಲ.

“ನಗಿ! ಒಂಚೂರು ನಗಿ!”

ನಗುವ ಪರಿಸ್ಥಿತಿಯೇ ಅದು?

“ನಿಮ್ಮ ಹೆಸರು ಹೇಳಿ!”

ತುಟಿ ಅಲುಗಿಸದೆ ಸತ್ಯ ತಿಳಿಸಿಬಿಡೋಣ ಎಂದು ಮೇಷ್ಟ್ರು ಬರೀ ಗಂಟಲಿನಿಂದಲೇ, “ಅಂಆ... ಆಆಮು... ಊಗುತ್ತೆ...” ಎಂದರು.

“ದೇವರೇ! ಬಾಯಿ ಓರೆ, ಕೈ ಏಳ್ತಿಲ್ಲ, ಮಾತು ತೊದಲ್ತಿದೆ! ಲಕ್ವ ಹೊಡೆದಿದೆ!” ನರ್ಸಮ್ಮ ಬಾಗಿಲು ಜಗ್ಗಿದರು. ಬರಲಿಲ್ಲ. ಗೇಟಿಗೆ ಒತ್ತಾಗಿ ಇಟ್ಟಿದ್ದ ಇಟ್ಟಿಗೆಯನ್ನು ಎತ್ತಿಕೊಂಡರು. “ಹೆದರ್ಬೇಡಿ ಮೇಷ್ಟ್ರೇ, ಹಿಂದಿನ ಗಾಜು ಒಡೀತೀನಿ, ನಿಮಗೆ ಚೂರು ತಾಗಲ್ಲ!”

ಒಂದು ಕೈ ಎತ್ತಿದರೆ ಸಾಕು, ಗಾಜು ಉಳಿಯುತ್ತದೆ. ಆದರೆ ಕಾರು ಕೂಗುತ್ತದೆ. ಮೇಲೆ ಹೆಂಡತಿ ಈಗ ಕಟ್ಟಕಡೆಯ ನಿಲ್ದಾಣವನ್ನು ಓದುತ್ತಿದ್ದರೆ? ಗಾಜು ಒಡೆದರೂ ಕೂಗುತ್ತದೆ, ನಿಜ. ಆದರೆ ನರ್ಸಮ್ಮ ಕೈ ಬೀಸುವಷ್ಟು ಹೊತ್ತಾದರೂ ಅವಳಿಗೆ ಸಿಗುತ್ತದಲ್ಲ! ಇಷ್ಟು ವರ್ಷದ ದಾಂಪತ್ಯದಲ್ಲಿ ಹೆಂಡತಿಗೆಂದು ಏನನ್ನೂ ಮಾಡದವರು ಇಂದು ಒಂದು ಗಾಜನ್ನು ಅರ್ಪಿಸಲು ಸಿದ್ಧರಾದರು. ಕಣ್ಣು ಮುಚ್ಚಿ ಸುಮ್ಮನೆ ಕೂತರು.

ಫಳಾರ್! ಪೆಂವ್ ಪೆಂವ್ ಪೆಂವ್ ಪೆಂವ್!

ಮೇಲಿನ ಕಿಟಕಿ ತೆರೆಯಿತು, ಸದ್ದು ನಿಂತಿತು, ಬೀಗ ಬಿಚ್ಚಿತು. ಹೆಂಡತಿ ಮೆಟ್ಟಿಲಿಳಿದು ಓಡಿ ಬರುವಾಗ ನರ್ಸಮ್ಮ ಮೇಷ್ಟ್ರನ್ನು ಕಾಂಪೌಂಡಿಗೆ ಒರಗಿಸಿ ನಾಡಿ ಹಿಡಿದಿದ್ದರು.

“ಲಕ್ವನೂ ಇಲ್ಲ, ಏನೂ ಇಲ್ಲ ಬಿಡಮ್ಮ!” ಎಂದು ಕೈ ಕಿತ್ತುಕೊಂಡು ಮೇಷ್ಟ್ರು ಹೆಂಡತಿಯ ಕಡೆ ತಿರುಗಿದರು. “ಓದಿ ಮುಗೀತಾ? ಹೇಳೇ, ಮುಗೀತಾ?”

“ಆವಾಗ್ಲೇ ಮುಗೀತಲ್ರೀ. ಕಳಿಸಿದ್ದೂ ಆಯ್ತು. ದನಿ ಹಿಡಿಸಿತು, ನೀವೇ ಬನ್ನಿ ಅಂತ ಅವರು ಫೋನೂ ಮಾಡಿದ್ರು. ಮನೆ ಇಷ್ಟು ತಣ್ಣಗೆ ಯಾವತ್ತೂ ಇರಲಿಲ್ಲವಲ್ಲಾಂತ, ನೀವು ಕಾರಿನೊಳಗಿರೋದೂ ಮರೆತು, ಹಾಗೇ ಒಂದು ನಿದ್ದೆ ತೆಗೀತಿದ್ದೆ.”

ಮೇಷ್ಟ್ರ ಬಾಯಿ ಮತ್ತೆ ಅರ್ಧ ತೆರೆದು ಅಲ್ಲೇ ನಿಂತಿತು.

ನರ್ಸಮ್ಮ ಇಟ್ಟಿಗೆ ನೋಡಿದರು, ಗಾಜು ನೋಡಿದರು, ನಾಚಿಕೆಯಿಂದ ಕುಗ್ಗಿಹೋದರು. “ಕ್ಷಮಿಸ್ಬಿಡಿ ಅಕ್ಕಾ. ನಾನು ಅವಸರ ಮಾಡ್ಬಿಟ್ಟೆ.”

“ಅಯ್ಯೋ, ನಿಮ್ಮದೇನು ತಪ್ಪು?” ಎಂದು ಹೆಂಡತಿ ನರ್ಸಮ್ಮನ ಬೆನ್ನು ಸವರಿದರು. “ಇವರು ಅಷ್ಟು ಹೊತ್ತು ಮಾತಾಡದೆ ಕೂತಿದ್ದನ್ನ ನಾನು ನೋಡಿದ್ರೆ, ಇಟ್ಟಿಗೆ ಹುಡುಕ್ತಾನೂ ಇರಲಿಲ್ಲ, ನೇರವಾಗಿ ಆಂಬುಲೆನ್ಸನ್ನೇ ಕರೆಸ್ತಿದ್ದೆ!”