ವರಾಹರಥದ ಎಡಬಾಗಿಲು

ಪೆಟ್ರೋಲು ನೀರಿನಷ್ಟೇ ಅಗ್ಗವಾಗಿದ್ದು, ಲೀಟರಿಗೆ ಒಂದು ಹರದಾರಿ ಓಡಿದರೂ ರಥಿಕರು ಧನ್ಯೋಸ್ಮಿ ಎನ್ನುತ್ತಿದ್ದ ಆ ಮಹಾಯುಗವನ್ನು ಮೊದಲು ನೆನೆಯೋಣ. ಆ ಯುಗದಲ್ಲಿ ಸಪ್ತಸಾಗರಗಳಾಚೆ ಉದ್ಭವಿಸಿ, ಅಷ್ಟಸಿಲಿಂಡರಗರ್ಭದಿಂದ ಪ್ರಳಯಮೇಘದಂತೆ ಗುಡುಗುತ್ತ, ಅಣೆಕಟ್ಟು ಕಟ್ಟಲು ಬಂದ ಅಮೇರಿಕದ ಎಂಜಿನಿಯರನೊಬ್ಬನ ಹಿಂದೆ ಹಡಗೇರಿ ಬಂದು, ಅವನು ಮರಳುವಾಗ ಗದಗಿನ ಹತ್ತಿಬೀಜ ಬಿಡಿಸುವ ಜಿನ್ನಿನ ಒಡೆಯರಾದ ಪಾಟೀಲರ ಅಂಗಳ ಸೇರಿದ ಕಡುಗೆಂಪು ಮಸಲ್ ಕಾರನ್ನೂ ನೆನೆಯೋಣ. ಕಂಪನಿಯವರು ಅದಕ್ಕಿಟ್ಟ ಹೆಸರು ‘ವೈಲ್ಡ್ ಬೋರ್’. ಗದಗಿನವರು ಹಂದಿಕಾರು ಎಂದರು. ನಾವು ವರಾಹರಥವೆನ್ನೋಣ. ಹಾಗೆಯೇ ಲೋಹತಾಡನಪ್ರವೀಣನೂ ವರ್ಣಲೇಪನಧುರಂಧರನೂ ಹಳೆಕಾರು ಸಂಘದ ತೀರ್ಪುಗಾರನೂ ಆದ, ಅರವತ್ತನಾಲ್ಕರ ಹರೆಯದ ಮೌನೇಶಪ್ಪ ಬಡಿಗೇರನನ್ನು ನೆನೆದು ಕಥೆಗೆ ಕೈ ಹಚ್ಚೋಣ.

ಅಂದು ಬೆಳಗ್ಗೆ ಹತ್ತಕ್ಕೆ ಆ ವೀರನು ಎಡಗೈಯಲ್ಲಿ ಸಂಘದ ಫಾರಂ, ಬಲಗೈಯಲ್ಲಿ ಬ್ಯಾಟರಿ ದೀಪ, ಜೇಬಿನಲ್ಲಿ ಭೂತಗನ್ನಡಿ ಧರಿಸಿ ಪಾಟೀಲರ ಅಂಗಳ ಹೊಕ್ಕಾಗ, ಜಿನ್ನಿನ ಈಗಿನ ಒಡೆಯನಾದ ಫಕೀರಗೌಡನು ರಥದ ಬಾನೆಟ್ಟಿನ ಮೇಲೆ ಕೈಯೂರಿ ಗರ್ಜಿಸಿದನು:

“ಬಡಿಗೇರ್ರ, ಕಣ್ಣು ತುಂಬ ನೋಡ್ರಿ! ಐವತ್ತು ವರ್ಷದಾಗ ಈ ಗಾಡಿದು ಒಂದ ನಟ್ಟು ಬದಲಾಗಿಲ್ಲ, ಒಂದ ಹನಿ ಬಣ್ಣ ಬಿದ್ದಿಲ್ಲ. ನಮ್ಮಪ್ಪಾರು ಇದರ ಮ್ಯಾಲೆ ನೊಣಾ ಸುದ್ದಾ ಕುಂದರಗೊಡತಿದ್ದಿಲ್ಲ. ಸುಳ್ಳಾದ್ರ ಈ ಮೀಸಿ ಬೋಳಿಸಿಬಿಡ್ತೀನಿ!”

ಗರ್ಜನೆಗೆ ಕಾರಣವಿತ್ತು. ಪುಣೆಯ ಶ್ರೀಮಂತನೊಬ್ಬನು ಈ ರಥಕ್ಕೆ ಅರವತ್ತು ಲಕ್ಷ ಕೊಡಲು ಸಿದ್ಧನಾಗಿದ್ದನು. ಆದರೆ ಕಾರ್ಖಾನೆಯಿಂದ ಬಂದಂತೆಯೇ ಇದೆ ಎಂದು ಸಂಘವು ಬರೆದುಕೊಟ್ಟರೆ ಮಾತ್ರ. ತನ್ನ ಪರವಾಗಿ ನೋಡಲು ಅವನು ಬೆಂಗಳೂರಿನಿಂದ ಚಕ್ರಪಾಣಿಯೆಂಬ ಮೌಲ್ಯಮಾಪಕನನ್ನೂ ಕಳಿಸಿದ್ದನು. ಆ ತರುಣನ ಕೈಯಲ್ಲಿದ್ದುದು ಚಕ್ರವಲ್ಲ, ಬಣ್ಣದ ದಪ್ಪ ಅಳೆಯುವ ಬೆರಳುದ್ದದ ಯಂತ್ರ.

ಯಂತ್ರವು ಬಾನೆಟ್ಟನ್ನು ಮುಟ್ಟಿ ಕೀಚೆಂದಿತು, ಬಣ್ಣ ಕಾರ್ಖಾನೆಯದಷ್ಟೇ ದಪ್ಪ. ಛಾವಣಿಯನ್ನು ಮುಟ್ಟಿ ಕೀಚೆಂದಿತು. ಬಡಿಗೇರನು ಎಂಜಿನಿನ ಅಂಕಿಗಳನ್ನು ಕಾಗದಪತ್ರಕ್ಕೆ ತಾಳೆ ನೋಡಿದನು, ಸರಿಯಿದ್ದವು. ಚರ್ಮದ ಆಸನಗಳು ಬಿರಿದಿದ್ದವು, ಬಲಬಾಗಿಲಿನ ಅಡಿಯಲ್ಲಿ ತುಕ್ಕು ಹೊಕ್ಕಿತ್ತು. ರಿಪೇರಿಯ ಕೈ ಮುಟ್ಟದ ಕಾರಿಗೆ ಇವೆಲ್ಲ ಕ್ಷತ್ರಿಯನ ಎದೆಯ ಗಾಯಗಳಂತೆ ಶೋಭೆಯೇ. ಮೂರು ತಾಸಿನ ಬಳಿಕ ಉಳಿದದ್ದು ಎಡಬಾಗಿಲೊಂದೇ. ಅದರ ಮುಂದೆ ನಿಂತ ಬಡಿಗೇರನು, ಅಯ್ಯೋ, ರಣರಂಗದ ನಡುವೆ ಭೂತಗನ್ನಡಿಯನ್ನು ಜೇಬಿಗಿಳಿಸಿಬಿಟ್ಟನು!

ಏಕೆಂದರೆ ಆ ಬಾಗಿಲು ಅವನದೇ ಕೈಕೂಸು. ನಲವತ್ತೆರಡು ವರ್ಷಗಳ ಹಿಂದೆ, ಫಕೀರಗೌಡನ ತಂದೆ ದೊಡ್ಡಗೌಡರು ಶ್ರೀಶೈಲಕ್ಕೆ ಹೋಗಿದ್ದ ವಾರದಲ್ಲಿ, ಅವರ ಹೆಂಡತಿ ನೀಲವ್ವ ಗೌಡಸಾನಿ ಅವನನ್ನು ಹಿತ್ತಿಲಿಗೆ ಕರೆಸಿ ನಗ್ಗಿಹೋದ ಬಾಗಿಲನ್ನು ತೋರಿಸಿದ್ದಳು. ಅವನು ಮೂರು ಹಗಲು ತಗಡನ್ನು ಒಳಗಿನಿಂದ ಬಡಿದು, ಕುಳಿ ಮುಚ್ಚುವ ಪುಟ್ಟಿಯನ್ನು ಚಿಟಿಕೆಯೂ ಬಳಸದೆ ಸಮ ಮಾಡಿ, ಹಳೆಯ ಬಣ್ಣ ಕೆರೆದು, ಕೈಯಲ್ಲೇ ಕೆಂಪು ಬೆರೆಸಿ, ಕಾರ್ಖಾನೆಯ ಬಣ್ಣದ ಮೇಲಿರುವ ಕಿತ್ತಳೆ ಸಿಪ್ಪೆಯಂಥ ತರಿಯನ್ನು ಕೂಡ ಹಾಗೆಯೇ ಮೂಡಿಸಿದ್ದನು. ಯಾರಿಗೂ ಹೇಳುವುದಿಲ್ಲವೆಂದು ತಿಂತಣಿ ಮೌನೇಶ್ವರನ ಮೇಲೆ ಆಣೆಯಿಟ್ಟಿದ್ದನು. ಆಮೇಲೆ ಎಷ್ಟೋ ಕಾರುಗಳಿಗೆ ಬಣ್ಣ ಹೊಡೆದನಾದರೂ ಅಂಥ ಕೆಲಸ ಮತ್ತೆ ಅವನ ಕೈಯಿಂದ ಆಗಲಿಲ್ಲ.

ಯಂತ್ರವು ಎಡಬಾಗಿಲನ್ನು ಮುಟ್ಟಿತು. ಕೀಚೆಂದಿತು.

“ಪಕ್ಕಾ ಫ್ಯಾಕ್ಟರಿ ಪೇಂಟು ಸಾರ್! ನೋಡಿ, ಎಷ್ಟು ಈವನ್ನಾಗಿದೆ,” ಎಂದ ಚಕ್ರಪಾಣಿ. “ಇಂಥದ್ದು ಮನುಷ್ಯನ ಕೈಲಿ ಆಗೋ ಕೆಲಸಾನೇ ಅಲ್ಲ. ಅದರಲ್ಲೂ ಈ ಕಡೆ ಗ್ಯಾರೇಜಿನವರ ಕೈಗೆ ಸಿಕ್ಕಿದ್ದಿದ್ರೆ ಬಾಗಿಲನ್ನ ದೋಸೆ ಹೆಂಚು ಮಾಡಿಬಿಡ್ತಿದ್ರು.”

ಆಣೆಯು ಬಡಿಗೇರನ ನಾಲಗೆಯನ್ನು ಕಟ್ಟಿತ್ತು. ದೋಸೆ ಹೆಂಚು ಅದನ್ನು ಬಿಚ್ಚಿತು. ಸುಳ್ಳು ಬರೆದರೆ ತೀರ್ಪುಗಾರ ಸಾಯುತ್ತಾನೆ, ಸುಮ್ಮನಿದ್ದರೆ ಕಸುಬುದಾರ ಸಾಯುತ್ತಾನೆ ಎಂದುಕೊಂಡು ಅವನು ನೆಟ್ಟಗೆ ನಿಂತು, “ಎಡಬಾಗಲಾ ಮರುಬಣ್ಣದ್ದೈತ್ರಿ,” ಎಂದನು.

ಫಕೀರಗೌಡನ ಕಣ್ಣುಗಳು ರಥಕ್ಕಿಂತ ಕೆಂಪಾದವು.

“ಯಾಂವಂದು ಆ ಮಾತು! ಯಾರು ಹಚ್ಚ್ಯಾರ? ಯಾವಾಗ? ಸಾಕ್ಷಿ ಏನೈತಿ?”

ಬಡಿಗೇರನು ಪಾದಗಳನ್ನು ನೋಡುತ್ತ ಹೇಳಿದನು: “ಅದನ್ನ ಹೇಳಾಕ ಬರೂದಿಲ್ರಿ.”

“ಹೇಳಾಕ ಬರೂದಿಲ್ಲಂದ್ರ? ಅರವತ್ತು ಲಕ್ಷದ ಮಾತೈತ್ರಿ! ನಮ್ಮಪ್ಪಾರ ಗಾಡಿಗೆ ಮಸಿ ಬಳೀತೀರೇನು?”

“ಮಸಿ ಅಲ್ಲೋ ತಮ್ಮಾ, ಬಣ್ಣ,” ಎಂಬ ದನಿ ಪಡಸಾಲೆಯಿಂದ ಬಂತು. ನೀಲವ್ವ ಬೆತ್ತ ಊರುತ್ತ ಮೆಟ್ಟಿಲಿಳಿದಳು. ಎಪ್ಪತ್ತೆರಡರ ಆ ಮಹಾಮಾತೆಯ ಮುಖದಲ್ಲಿ ಅಪರಾಧಿಯ ಲಕ್ಷಣ ಒಂದಿಷ್ಟೂ ಇರಲಿಲ್ಲ. “ಇನ್ನೆಷ್ಟಂತ ಬಾಯಿ ಮುಚ್ಚಿಕೊಂಡು ನಿಂದರ್ತಿ ಮೌನೇಶ? ಆಣಿ ಬಿಡಿಸೀನಿ, ಹೋಗು. ಗುದ್ದಿದಾಕಿ ನಾನ.”

“ಅವ್ವಾ! ನಿನಗ ಗಾಡಿ ಹೊಡಿಯಾಕ ಎಲ್ಲಿ ಬರ್ತೈತಿ?”

“ಬರ್ತಿದ್ದಿಲ್ಲ. ಅದಕ್ಕ ಎಮ್ಮಿ ನೀರು ಕುಡಿಯೋ ಕಲ್ಲಬಾನಿಗೆ ಗುದ್ದಿದೆ. ಆದ್ರ ಅದಕ್ಕೂ ಮೊದಲ ಮುಳಗುಂದ ರಸ್ತೆದ ಸುಂಕದ ನಾಕಾ ತನಕ ಹೋಗಿ ಬಂದಿದ್ನೆಪಾ! ಗಾಳೀಗೆ ತಲಿಮ್ಯಾಲಿನ ಸೆರಗು ನಿಂದರವಲ್ದು. ಜನ್ಮದಾಗ ಅಂಥಾ ಖುಷಿ ಕಂಡಿಲ್ಲ.” ಆಕೆ ಬಾಗಿಲನ್ನು ತಟ್ಟಿದಳು. “ಮಾರಬ್ಯಾಡ ಅಂತ ಮೂರು ತಿಂಗಳಾತು ಹೇಳಾಕತ್ತಿ. ನನ್ನ ಮಾತು ಯಾರು ಕೇಳ್ತೀರಿ? ಈಗ ಪುಣೆದಾಂವ ತಾನ ಬ್ಯಾಡ ಅಂತಾನ. ನಿನ್ನ ಮೀಸಿ ಇರಲಿ ಬಿಡು, ಅದಕ್ಕ್ಯಾಕ ಕೈ ಹಚ್ತಿ?”

ಫಕೀರಗೌಡನ ಕೈ ನಿಜಕ್ಕೂ ಮೀಸೆಯ ಮೇಲಿತ್ತು. ಅವನು ತಾಯಿಯನ್ನು ನೋಡಿದನು, ಬಾಗಿಲನ್ನು ನೋಡಿದನು. ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಗೆಯಾಗಿ ಹೊರಬಂತು. “ಮುಳಗುಂದ ನಾಕಾ ತನಕಾ?” ಎಂದು ಎರಡು ಸಲ ಕೇಳಿದನು.

ಚಕ್ರಪಾಣಿಯು ಪುಣೆಗೆ ಫೋನು ಮಾಡಿ ವ್ಯವಹಾರ ಮುರಿಯಿತೆಂದು ತಿಳಿಸಿದನು. ಆಮೇಲೆ ಮರಳಿ ಬಂದು, ಯಂತ್ರವನ್ನು ಜೇಬಿಗಿಳಿಸಿ, ಬರಿಗೈಯಿಂದ ಎಡಬಾಗಿಲನ್ನು ಮೇಲಿನಿಂದ ಕೆಳಗೆ ನೇವರಿಸಿದನು.

“ಪುಟ್ಟೀನೇ ಹಾಕಿಲ್ವಾ ಸಾರ್?”

“ಇಲ್ಲ.”

“ಒಂದು ಚೂರೂ?”

“ಇಲ್ಲಪಾ.”

ತರುಣನು ಕೈ ಮುಗಿದನು. ನಲವತ್ತೆರಡು ವರ್ಷ ಮುಚ್ಚಿಟ್ಟಿದ್ದ ಕೀರ್ತಿಯು ಆ ಕ್ಷಣ ಬಯಲಾಯಿತು. ಬಡಿಗೇರನು ಬಾಗಿಲ ಮೇಲೆ ಮೂಡಿದ್ದ ಬೆರಳಚ್ಚನ್ನು ತೋಳಿನಿಂದ ಒರೆಸಿದನು.

ಬಳಿಕ ಆ ವರ್ಣಲೇಪನಧುರಂಧರನು ಪಡಸಾಲೆಯ ಕಂಬಕ್ಕೊರಗಿ, ಈ ಮಹಾಸಮರದ ಇತಿಹಾಸವನ್ನು ಆಚಂದ್ರಾರ್ಕವಾಗಿ ನಿಲ್ಲಿಸಲು ಲೇಖನಿಯನ್ನೆತ್ತಿದನು. ಫಾರಂನ ಕೊನೆಯಲ್ಲಿ ‘ಷರಾ’ ಎಂಬ ಅಂಕಣವಿತ್ತು. ಅದರ ಅಗಲ ಎರಡು ಬೆರಳು. ‘ಎಡಬಾಗಿಲು ಮರುಬಣ್ಣ’ ಎಂದು ಬರೆದನು. ಸ್ವಲ್ಪ ಯೋಚಿಸಿ, ಆಚೀಚೆ ನೋಡಿ, ‘ಕೆಲಸ ಉತ್ತಮ’ ಎಂದು ಸೇರಿಸಹೊರಟನು. ‘ಕೆಲಸ ಉ’ ಎಂಬಲ್ಲಿಗೆ ಜಾಗ ಮುಗಿಯಿತು.